ಕಾನೂನು ಬದಲಾಯ್ತು, ಖಾತೆ ಬದಲಾಗಲಿಲ್ಲ: ಅಮೆರಿಕದ ಮನೆ ಸಾಲ ಮತ್ತು ಒಂದು ಕೆಂಪು ಬಣ್ಣದ ಕಥೆ

(ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ನೇರವಾಗಿ ಎರಡು ಲೆಕ್ಕಗಳಿಂದ ಶುರು ಮಾಡ್ತೀನಿ.

ಮೊದಲನೆಯದು ಆದಾಯದ ಲೆಕ್ಕ. ಅಮೆರಿಕದ ಎಲ್ಲ ಬಿಳಿ ಕುಟುಂಬಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ಮಧ್ಯದಲ್ಲಿರುವ ಕುಟುಂಬವನ್ನು ನೋಡಿದರೆ, 2022ರಲ್ಲಿ ಅದರ ವಾರ್ಷಿಕ ಆದಾಯ ಸುಮಾರು 81 ಸಾವಿರ ಡಾಲರ್. ಕಪ್ಪು ಕುಟುಂಬಗಳನ್ನೂ ಹೀಗೇ ನಿಲ್ಲಿಸಿದರೆ ಮಧ್ಯದ ಕುಟುಂಬದ್ದು ಸುಮಾರು 53 ಸಾವಿರ. ಅಂದರೆ ಅಲ್ಲಿ 100 ಇದ್ದರೆ ಇಲ್ಲಿ 65.

ಎರಡನೆಯದು ಸಂಪತ್ತಿನ ಲೆಕ್ಕ. ಮನೆ, ಉಳಿತಾಯ, ಷೇರು ಎಲ್ಲ ಕೂಡಿಸಿ, ಅದರಲ್ಲಿ ಸಾಲ ಕಳೆದರೆ ಕೊನೆಗೆ ಏನು ಉಳಿಯುತ್ತೋ ಅದು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಅದೇ 2022ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಮಧ್ಯದ ಬಿಳಿ ಕುಟುಂಬದ ಸಂಪತ್ತು 2 ಲಕ್ಷ 85 ಸಾವಿರ ಡಾಲರ್. ಮಧ್ಯದ ಕಪ್ಪು ಕುಟುಂಬದ್ದು 44,900. ಇಲ್ಲಿ 100ಕ್ಕೆ 16.

ದುಡಿಯೋದರಲ್ಲಿ 100ಕ್ಕೆ 65 ಇರೋರು, ಕೂಡಿಟ್ಟಿದ್ದರಲ್ಲಿ ಯಾಕೆ 100ಕ್ಕೆ 16ಕ್ಕೆ ಇಳಿದರು? "ಅವರಿಗೆ ಉಳಿಸೋಕೆ ಬರಲ್ಲ" ಅಂತ ಹೇಳೋರು ಅಮೆರಿಕದಲ್ಲೂ ಇದ್ದಾರೆ, ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಇದ್ದಾರೆ. ಆ ಉತ್ತರ ಸರಿಯೋ ತಪ್ಪೋ ಅಂತ ಇವತ್ತು ಲೆಕ್ಕ ಇಟ್ಟುಕೊಂಡೇ ನೋಡೋಣ.

ಕಾಮರ್ಸ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ. ಆದಾಯ ಅನ್ನೋದು ಒಂದು ವರ್ಷದ ಮಾತು. ಸಂಪತ್ತು ಹಾಗಲ್ಲ. ಹೋದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಈ ವರ್ಷದ ಓಪನಿಂಗ್ ಬ್ಯಾಲೆನ್ಸ್. ಅಪ್ಪನ ಖಾತೆ ಎಲ್ಲಿ ಮುಗಿಯುತ್ತೋ ಮಗಳ ಖಾತೆ ಅಲ್ಲಿಂದ ಶುರು. ಅಮೆರಿಕದ ಸಾಮಾನ್ಯ ಕುಟುಂಬಗಳಿಗೆ ಈ ಖಾತೆಯಲ್ಲಿರೋ ದೊಡ್ಡ ಆಸ್ತಿ ಅಂದರೆ ಸ್ವಂತ ಮನೆ. ಹಾಗಾಗಿ ನಮ್ಮ ಕಥೆ ಮನೆ ಸಾಲದಿಂದ ಶುರುವಾಗುತ್ತೆ.

ಇಎಂಐ ಬಂದದ್ದು ಹೇಗೆ?

ಇವತ್ತು ನಾವು ತಿಂಗಳು ತಿಂಗಳು ಕಟ್ಟೋ ತರಹದ ದೀರ್ಘಾವಧಿ ಮನೆ ಸಾಲ ಅಮೆರಿಕದಲ್ಲಿ 1930ಕ್ಕೆ ಮೊದಲು ಸಾಮಾನ್ಯವಾಗಿರಲಿಲ್ಲ. ಮನೆಯ ಅರ್ಧದಷ್ಟು ಬೆಲೆಯನ್ನು ಮೊದಲೇ ಕೈಯಿಂದ ಹಾಕಬೇಕಿತ್ತು. ಉಳಿದದ್ದಕ್ಕೆ ಐದೋ ಏಳೋ ವರ್ಷದ ಸಾಲ. ಅಷ್ಟೂ ವರ್ಷ ಹೆಚ್ಚಾಗಿ ಬಡ್ಡಿ ಮಾತ್ರ ಕಟ್ಟಿ, ಕೊನೆಗೆ ಅಸಲು ಒಂದೇ ಸಲ ಕೊಡಬೇಕು. ಇಲ್ಲವೇ ಹೊಸ ಸಾಲ ಹುಡುಕಬೇಕು. ಹಣ ಇದ್ದವರಿಗಷ್ಟೇ ಮನೆ.

1929ರಲ್ಲಿ ಮಹಾ ಆರ್ಥಿಕ ಕುಸಿತ ಶುರುವಾಯ್ತು. ಲಕ್ಷಾಂತರ ಜನ ಕಂತು ಕಟ್ಟಲಾಗದೆ ಮನೆ ಕಳೆದುಕೊಳ್ಳೋ ಸ್ಥಿತಿ ಬಂತು. ಆಗ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಎರಡು ಸಂಸ್ಥೆಗಳನ್ನು ಕಟ್ಟಿತು. 1933ರಲ್ಲಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್, 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್. ಎರಡನೆಯದನ್ನು ಎಫ್‌ಎಚ್‌ಎ ಅಂತಾರೆ. ಈ ಎಫ್‌ಎಚ್‌ಎ ತಾನೇ ಸಾಲ ಕೊಡ್ತಿರಲಿಲ್ಲ. ಬ್ಯಾಂಕ್ ಕೊಟ್ಟ ಸಾಲಕ್ಕೆ ವಿಮೆ ಕೊಡ್ತಿತ್ತು. ಸಾಲಗಾರ ಕೈಕೊಟ್ಟರೆ ಸರ್ಕಾರ ಇದೆ ಅನ್ನೋ ಧೈರ್ಯ ಬ್ಯಾಂಕಿಗೆ ಸಿಕ್ಕಿತು. ಡೌನ್ ಪೇಮೆಂಟ್ ಇಳಿಯಿತು, ಅವಧಿ 20, 25, 30 ವರ್ಷಕ್ಕೆ ಬೆಳೆಯಿತು, ಪ್ರತಿ ಕಂತಿನಲ್ಲೂ ಸ್ವಲ್ಪ ಸ್ವಲ್ಪ ಅಸಲು ಕರಗತೊಡಗಿತು. ಅಮೆರಿಕದ ಮಧ್ಯಮ ವರ್ಗ ಇಷ್ಟು ದೊಡ್ಡದಾಗಿ ಬೆಳೆಯೋಕೆ ಇದೊಂದು ಮುಖ್ಯ ಕಾರಣ. ಆದರೆ ಈ ವಿಮೆ ಯಾವ ಬೀದಿಗೆ ಸಿಗುತ್ತೆ, ಯಾವ ಬೀದಿಗೆ ಇಲ್ಲ? ಸಮಸ್ಯೆ ಅಲ್ಲಿತ್ತು.

ನಾಲ್ಕು ಬಣ್ಣ, ಒಂದು ಕಾಲಂ

ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಪ್ರತಿ ಬಡಾವಣೆಗೂ ಒಂದು ದರ್ಜೆ, ಒಂದು ಬಣ್ಣ. ಹಸಿರು ಅಂದರೆ ಅತ್ಯುತ್ತಮ. ನೀಲಿ ಪರವಾಗಿಲ್ಲ. ಹಳದಿ ಇಳಿಮುಖ. ಕೆಂಪು ಅಂದರೆ ಅಪಾಯ. ಸರ್ವೆ ಫಾರಂನಲ್ಲಿ ಮನೆಗಳ ವಯಸ್ಸು, ಬಾಡಿಗೆ, ಜನರ ಉದ್ಯೋಗದ ಜೊತೆಗೆ ಇಲ್ಲಿ ಕಪ್ಪು ಜನ ಇದ್ದಾರಾ, ಶೇಕಡಾ ಎಷ್ಟು ಅನ್ನೋ ಕಾಲಂ ಕೂಡ ಇತ್ತು. ಕಪ್ಪು ಕುಟುಂಬಗಳು ವಾಸವಿದ್ದ ಪ್ರದೇಶಗಳು ಹೆಚ್ಚುಕಡಿಮೆ ಎಲ್ಲವೂ ಕೆಂಪಾದವು. ಮುಂದೆ ಇದಕ್ಕೆ 'ರೆಡ್‌ಲೈನಿಂಗ್' ಅನ್ನೋ ಹೆಸರು ಬಂತು.

ಒಂದು ಮಾತು ಸ್ಪಷ್ಟ ಮಾಡಬೇಕು. ಎಲ್ಲ ತಪ್ಪೂ ಈ ನಕ್ಷೆಗಳದ್ದೇ ಅಂತ ಇತಿಹಾಸಕಾರರು ಹೇಳಲ್ಲ. ಆ ಕಾರ್ಪೊರೇಷನ್ ಸ್ವತಃ ಕೆಂಪು ಪ್ರದೇಶಗಳಲ್ಲೂ ಸಾಲ ಕೊಟ್ಟಿತ್ತು. ಹೆಚ್ಚು ಹೊಡೆತ ಕೊಟ್ಟಿದ್ದು ಎಫ್‌ಎಚ್‌ಎ ನಿಯಮಗಳು. ಬೇರೆ ಬೇರೆ ಜನಾಂಗದವರು ಒಂದೇ ಕಡೆ ಬೆರೆತರೆ ಆಸ್ತಿಯ ಬೆಲೆ ಬೀಳುತ್ತೆ ಅನ್ನೋದು ಅದರ ಕೈಪಿಡಿಯ ನಿಲುವು. ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರಕೂಡದು ಅಂತ ಕ್ರಯಪತ್ರದಲ್ಲೇ ಷರತ್ತು ಹಾಕೋದನ್ನು 1938ರ ಕೈಪಿಡಿ ಶಿಫಾರಸು ಮಾಡಿತ್ತು. ಅಂದರೆ ಇದು ಯಾರೋ ಒಬ್ಬ ಬ್ಯಾಂಕ್ ಮ್ಯಾನೇಜರ್‌ನ ಕೆಟ್ಟ ಬುದ್ಧಿ ಅಲ್ಲ, ಸರ್ಕಾರವೇ ಅಚ್ಚು ಹಾಕಿಸಿದ ನಿಯಮ.

ಇದು ಎಲ್ಲಿಯವರೆಗೆ ಹೋಯ್ತು ಅಂದರೆ, ಡೆಟ್ರಾಯಿಟ್‌ನಲ್ಲಿ 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಬಡಾವಣೆ ಇದೆ ಅಂತ ಎಫ್‌ಎಚ್‌ಎ ಬೆಂಬಲ ಸಿಗಲಿಲ್ಲ. ಆತ ಎರಡರ ಮಧ್ಯೆ ಸುಮಾರು 6 ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ. ಆಮೇಲೆ ಬೆಂಬಲ ಸಿಕ್ಕಿತು! ಆ ಗೋಡೆ ಇವತ್ತಿಗೂ ನಿಂತಿದೆ. ಈಗ ಅದರ ಮೇಲೆ ಚಿತ್ರಗಳಿವೆ.

ಯುದ್ಧ ಗೆದ್ದು ಬಂದವರಿಗೂ ಇಲ್ಲ

ಎರಡನೇ ಮಹಾಯುದ್ಧದ ಸೈನಿಕರಿಗಾಗಿ 1944ರಲ್ಲಿ 'ಜಿಐ ಬಿಲ್' ಬಂತು. ಓದೋಕೆ ಹಣ, ಮನೆ ಸಾಲಕ್ಕೆ ಸರ್ಕಾರಿ ಗ್ಯಾರಂಟಿ. ಕಾಗದದ ಮೇಲೆ ಎಲ್ಲ ಸೈನಿಕರಿಗೂ. ಆದರೆ ಸಾಲ ಕೊಡಬೇಕಾದದ್ದು ಊರಿನ ಬ್ಯಾಂಕು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಈ ಗ್ಯಾರಂಟಿ ಅಡಿ 3,200ಕ್ಕೂ ಹೆಚ್ಚು ಸಾಲ ಮಂಜೂರಾಗಿತ್ತು. ಅದರಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡು ಸಾವಿರ ಅಲ್ಲ, ಎರಡೇ ಸಾಲ.

ಅದೇ 1947ರಲ್ಲಿ ನ್ಯೂಯಾರ್ಕ್ ಹತ್ತಿರ ಲೆವಿಟ್‌ಟೌನ್ ಅನ್ನೋ ಬಡಾವಣೆ ಶುರುವಾಯ್ತು. ಫ್ಯಾಕ್ಟರಿಯಲ್ಲಿ ಕಾರು ಜೋಡಿಸಿದ ಹಾಗೆ ಮನೆ ಕಟ್ಟಿದರು, ಒಟ್ಟು 17 ಸಾವಿರಕ್ಕೂ ಹೆಚ್ಚು. ಬೆಲೆ ಸುಮಾರು 8 ಸಾವಿರ ಡಾಲರ್. ಬಿಳಿಯ ಮಾಜಿ ಸೈನಿಕ ಡೌನ್ ಪೇಮೆಂಟ್ ಇಲ್ಲದೆಯೇ ಒಳಗೆ ಹೋಗಬಹುದಿತ್ತು. ಕಪ್ಪು ಸೈನಿಕನಿಗೆ ಬಾಗಿಲು ಮುಚ್ಚಿತ್ತು, ಅವನ ಕೈಯಲ್ಲಿ ಹಣ ಇದ್ದರೂ.

ಬ್ಯಾಂಕು ಬಾಗಿಲು ಹಾಕಿದ ಕಡೆ ಬೇರೆಯವರು ಅಂಗಡಿ ತೆರೀತಾರೆ. ಷಿಕಾಗೋದಲ್ಲಿ ಆದದ್ದು ಅದೇ. ಕಪ್ಪು ಜನ ಬರ್ತಿದ್ದಾರೆ ಅಂತ ಬಿಳಿಯರನ್ನು ಹೆದರಿಸಿ ಕಡಿಮೆ ಬೆಲೆಗೆ ಮನೆ ಕೊಳ್ಳೋದು, ಅದನ್ನೇ ದುಪ್ಪಟ್ಟು ಬೆಲೆಗೆ ಕಪ್ಪು ಕುಟುಂಬಕ್ಕೆ ಕಂತಿನ ಮೇಲೆ ಮಾರೋದು. ಕ್ರಯಪತ್ರ ಮಾತ್ರ ಕೊನೆಯ ಕಂತಿನವರೆಗೂ ಮಾರಿದವನ ಹೆಸರಲ್ಲೇ. ಒಂದು ಕಂತು ತಪ್ಪಿದರೂ ಮನೆಯಿಂದ ಆಚೆ, ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಹೋಯ್ತು. ರಿಪೇರಿ ಖರ್ಚು ಕೊಂಡವರದ್ದು, ಮಾಲೀಕತ್ವ ಮಾರಿದವನದ್ದು. 1968ರಲ್ಲಿ ಈ ಜನ 'ಕಾಂಟ್ರ್ಯಾಕ್ಟ್ ಬೈಯರ್ಸ್ ಲೀಗ್' ಕಟ್ಟಿಕೊಂಡು ಕಂತು ಕಟ್ಟೋದನ್ನೇ ನಿಲ್ಲಿಸಿ ಹೋರಾಡಿದರು. ಈ ವ್ಯವಹಾರದಿಂದ ಷಿಕಾಗೋದ ಕಪ್ಪು ಕುಟುಂಬಗಳು ಕಳೆದುಕೊಂಡದ್ದು ಈಗಿನ ಬೆಲೆಯಲ್ಲಿ 300ರಿಂದ 400 ಕೋಟಿ ಡಾಲರ್ ಅಂತ 2019ರ ಒಂದು ಅಧ್ಯಯನ ಅಂದಾಜು ಮಾಡಿದೆ. ಗಮನಿಸಿ, ಇವರು ಉಳಿಸಲು ಬಾರದ ಜನ ಅಲ್ಲ. ತಿಂಗಳು ತಿಂಗಳು ಕಟ್ಟಿದವರು. ಕಟ್ಟಿದ್ದು ಅವರ ಖಾತೆಗೆ ಜಮಾ ಆಗಲಿಲ್ಲ, ಅಷ್ಟೇ.

1968: ಬಾಗಿಲು ತೆರೆಯಿತು

1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಸತಿ ಹಕ್ಕಿಗಾಗಿ ಷಿಕಾಗೋದಲ್ಲಿ ಮೆರವಣಿಗೆ ಮಾಡಿದಾಗ ಅವರ ತಲೆಗೆ ಕಲ್ಲು ಬಿತ್ತು. 1968ರ ಏಪ್ರಿಲ್ 4ರಂದು ಅವರ ಹತ್ಯೆಯಾಯಿತು. ಒಂದೇ ವಾರದಲ್ಲಿ, ಏಪ್ರಿಲ್ 11ಕ್ಕೆ, ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ಜನಾಂಗದ ತಾರತಮ್ಯವನ್ನು ನಿಷೇಧಿಸುವ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಬಿತ್ತು.

ಸರಿ, ಕಾನೂನು ಬಂತು. ಈಗ ಒಂದು ಲೆಕ್ಕ ಹಾಕೋಣ. ಇದು ಊಹೆಯ ಲೆಕ್ಕ, ದರ ನಾನೇ ಹಿಡಿದದ್ದು. 1950ರಲ್ಲಿ ಒಬ್ಬ ಬಿಳಿ ಸೈನಿಕ 8 ಸಾವಿರ ಡಾಲರ್ ಮನೆ ಕೊಂಡ. ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರಿದರೆ 1968ಕ್ಕೆ ಅದು ಸುಮಾರು 19 ಸಾವಿರ. ಅಷ್ಟರಲ್ಲಿ ಸಾಲದ ಅವಧಿ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಮಗನ ಕಾಲೇಜಿಗೆ ಅದೇ ಮನೆಯ ಮೇಲೆ ಸಾಲ ತೆಗೆಯಬಹುದು. ಅವನ ಜೊತೆ ಅದೇ ಯುದ್ಧಕ್ಕೆ ಹೋಗಿದ್ದ ಕಪ್ಪು ಸೈನಿಕ ಆ 18 ವರ್ಷವೂ ಬಾಡಿಗೆ ಕಟ್ಟಿದ್ದಾನೆ. 1968ರಲ್ಲಿ ಅವನಿಗೂ ಬಾಗಿಲು ತೆರೆಯಿತು. ಆದರೆ ಈಗ ಅದೇ ಮನೆಗೆ ಶೇಕಡಾ 20 ಡೌನ್ ಪೇಮೆಂಟ್ ಅಂದರೇ 3,800 ಡಾಲರ್ ಬೇಕು. ಮೊದಲನೆಯವನು ಕೊಂಡ ಇಡೀ ಮನೆಯ ಅರ್ಧದಷ್ಟು ಬೆಲೆ! ಇಬ್ಬರಿಗೂ ಕಾನೂನು ಒಂದೇ, ಓಪನಿಂಗ್ ಬ್ಯಾಲೆನ್ಸ್ ಬೇರೆ. ಇದೇ ದರದಲ್ಲಿ ಮುಂದುವರಿಸಿದರೆ ಮೊದಲನೆಯವನ ಮನೆ 2022ಕ್ಕೆ 2 ಲಕ್ಷ 68 ಸಾವಿರ. ಶುರುವಿನಲ್ಲಿ ಹೇಳಿದ ಸಂಪತ್ತಿನ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ.

ಇನ್ನು, ಕಾನೂನು ಬಂದ ಮೇಲೆ ಎಲ್ಲವೂ ನಿಂತಿತು ಅಂತಲೂ ಅಲ್ಲ. 1988ರಲ್ಲಿ ಅಟ್ಲಾಂಟಾದ ಪತ್ರಿಕೆಯೊಂದು ಬ್ಯಾಂಕುಗಳದ್ದೇ ಅಂಕಿಅಂಶ ತೆಗೆದು ನೋಡಿತು. ಸಮಾನ ಆದಾಯದ ಬಡಾವಣೆಗಳಿದ್ದರೂ ಬಿಳಿಯರ ಕಡೆ ಐದು ಪಟ್ಟು ಹೆಚ್ಚು ಸಾಲ ಹೋಗಿತ್ತು. ಆ ವರದಿಗೆ ಪುಲಿಟ್ಜರ್ ಬಂತು. 2008ರ ಕುಸಿತಕ್ಕೆ ಮೊದಲು ಆಟ ಉಲ್ಟಾ ಆಯ್ತು. ಸಾಲ ಸಿಗತೊಡಗಿತು, ಆದರೆ ದುಬಾರಿ ಸಾಲ. ಕಂಟ್ರಿವೈಡ್ ಕಂಪನಿ 2 ಲಕ್ಷಕ್ಕೂ ಹೆಚ್ಚು ಕಪ್ಪು ಮತ್ತು ಹಿಸ್ಪಾನಿಕ್ ಸಾಲಗಾರರಿಂದ, ಅಂಥದ್ದೇ ಅರ್ಹತೆಯ ಬಿಳಿಯರಿಗಿಂತ ಹೆಚ್ಚು ವಸೂಲಿ ಮಾಡಿದೆ ಅನ್ನೋದು ಅಮೆರಿಕದ ನ್ಯಾಯ ಇಲಾಖೆಯ ಆರೋಪವಾಗಿತ್ತು. 2011ರಲ್ಲಿ 33.5 ಕೋಟಿ ಡಾಲರ್‌ಗೆ ಒಪ್ಪಂದವಾಯಿತು. ಪರಿಣಾಮ? 1960ರಲ್ಲಿ ಬಿಳಿಯರಲ್ಲಿ 100ಕ್ಕೆ 65 ಕುಟುಂಬಕ್ಕೆ ಸ್ವಂತ ಮನೆ ಇತ್ತು, ಕಪ್ಪು ಜನರಲ್ಲಿ 38. ಇತ್ತೀಚಿನ ವರ್ಷಗಳಲ್ಲಿ ಅದು ಸುಮಾರು 74 ಮತ್ತು 45. ಇಬ್ಬರೂ ಮುಂದೆ ಬಂದರು, ನಡುವಿನ ಅಂತರ ಇದ್ದ ಹಾಗೇ ಇದೆ.

ಹಣದ ಆಚೆಗೂ ಇದರ ಗುರುತುಗಳಿವೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಗಳಿಗೆ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತೆ. ಮನೆಗಳ ಬೆಲೆ ಕಡಿಮೆ ಇದ್ದಲ್ಲಿ ಶಾಲೆಯ ಖಜಾನೆಯೂ ಸಣ್ಣದು. 108 ನಗರಗಳನ್ನು ಅಳೆದ 2020ರ ಅಧ್ಯಯನದ ಪ್ರಕಾರ, ಒಂದು ಕಾಲದ ಕೆಂಪು ಪ್ರದೇಶಗಳಲ್ಲಿ ಬೇಸಿಗೆಯ ಬಿಸಿ ಉಳಿದ ಕಡೆಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಕಾರಣ ಸರಳ: ಮರ ಕಡಿಮೆ, ಡಾಂಬರು ಮತ್ತು ಕಾಂಕ್ರೀಟ್ ಜಾಸ್ತಿ.

"ನಾವು ಎರಡು ಸೂಟ್‌ಕೇಸ್ ಹಿಡಿದು ಬಂದವರು"

ಇಲ್ಲಿ ನಮ್ಮವರ ಮಾತು ಬರುತ್ತೆ. ಅಮೆರಿಕದಲ್ಲಿರೋ ಕನ್ನಡಿಗರ ಮನೆಗಳಲ್ಲಿ ಈ ವಾದ ಆಗಾಗ ಕೇಳಿಸುತ್ತೆ: "ನಾವೂ ಕಪ್ಪಗೇ ಇದ್ದೀವಿ, ಖಾಲಿ ಕೈಲಿ ಬಂದು ಮನೆ ಮಾಡ್ಕೊಂಡ್ವಿ. ಅವರಿಗೇನು ಕಷ್ಟ?" ದುಡಿಮೆ ನಿಜ. ಅದನ್ನು ಯಾರೂ ಅಲ್ಲಗಳೆಯಲ್ಲ. ಆದರೆ ಕೈ ಖಾಲಿ ಇತ್ತಾ?

1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತು. ಕ್ಯಾಲಿಫೋರ್ನಿಯಾದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಅವರ ಕುಟುಂಬ ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಮೇತ ಹೋದಾಗ ಅಕ್ಕಪಕ್ಕದವರು ಮನೆಗೆ ಬೀಗ ಹಾಕಿ ಒಳಗೆ ಬಿಟ್ಟಿರಲಿಲ್ಲ. ತೀರ್ಪಿನ ನಂತರ ಅವರ ಪೌರತ್ವವನ್ನೂ ಕಿತ್ತುಕೊಂಡರು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಅಮೆರಿಕದ ದಾರಿ ದೊಡ್ಡದಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಕಪ್ಪು ಜನರ ನಾಗರಿಕ ಹಕ್ಕು ಚಳವಳಿ ಎಬ್ಬಿಸಿದ ಗಾಳಿಯಲ್ಲೇ ಆ ಕಾಯ್ದೆಯೂ ಬಂತು.

ಅಂದರೆ ನಮ್ಮವರಲ್ಲಿ ಹೆಚ್ಚಿನವರು ಮನೆ ಕೊಳ್ಳೋ ಹೊತ್ತಿಗೆ ಆ ಷರತ್ತುಗಳು ಕಾನೂನಿನಲ್ಲಿ ಸತ್ತಿದ್ದವು. ಜೊತೆಗೆ ಆ ಕಾಯ್ದೆ ಓದಿದವರಿಗೆ, ವೃತ್ತಿಪರರಿಗೆ ಆದ್ಯತೆ ಕೊಟ್ಟಿತು. ಸರ್ಕಾರಿ ಹಣದಲ್ಲಿ ನಡೆಯೋ ಕಾಲೇಜುಗಳಲ್ಲಿ ಕಡಿಮೆ ಫೀಸಿಗೆ ಪಡೆದ ಎಂಜಿನಿಯರಿಂಗ್, ಮೆಡಿಕಲ್ ಡಿಗ್ರಿ ಎಷ್ಟೋ ಜನರ ಸೂಟ್‌ಕೇಸ್‌ನಲ್ಲಿತ್ತು. ಅದೂ ಒಂದು ಓಪನಿಂಗ್ ಬ್ಯಾಲೆನ್ಸೇ. ಜಮಾ ಆಗಿದ್ದು ಬೇರೆ ದೇಶದ ಖಾತೆಯಲ್ಲಿ, ಅದಕ್ಕೇ ಕಣ್ಣಿಗೆ ಬೀಳಲ್ಲ.

ಈ ಲೆಕ್ಕ ಸರಿ ಮಾಡೋಕೆ ಆಗುತ್ತಾ? ಇಲಿನಾಯ್ ರಾಜ್ಯದ ಇವಾನ್‌ಸ್ಟನ್ ಅನ್ನೋ ಪುಟ್ಟ ನಗರ 2021ರಲ್ಲಿ ಒಂದು ಪ್ರಯತ್ನ ಶುರು ಮಾಡಿತು. 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೆ ಮತ್ತು ಅವರ ವಂಶದವರಿಗೆ ಮನೆ ಕೊಳ್ಳಲು, ರಿಪೇರಿ ಮಾಡಿಸಲು 25 ಸಾವಿರ ಡಾಲರ್. ಇದು ಜನಾಂಗದ ಆಧಾರದ ಮೇಲೆ ಹಂಚಿಕೆ, ಸಂವಿಧಾನಕ್ಕೆ ವಿರುದ್ಧ ಅಂತ ಅದರ ಮೇಲೂ ಕೇಸು ಬಿತ್ತು. ಪರಿಹಾರ ಹೇಗಿರಬೇಕು ಅನ್ನೋದರ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯ ಇರಬಹುದು. ಆದರೆ "ಕಾನೂನು ಬದಲಾಗಿ ಐವತ್ತು ವರ್ಷ ಆಯ್ತಲ್ಲ, ಇನ್ನೇನು ಬೇಕು?" ಅಂತ ಯಾರಾದರೂ ಕೇಳಿದರೆ ಉತ್ತರ ಲೆಕ್ಕದ ಪುಸ್ತಕದಲ್ಲೇ ಇದೆ. ಐವತ್ತು ವರ್ಷದಲ್ಲಿ ಬಿಟ್ಟುಹೋದ ಅಸಲು ವಾಪಸ್ ಬರಲ್ಲ, ಅದರ ಮೇಲಿನ ಚಕ್ರಬಡ್ಡಿ ಬೆಳೆಯುತ್ತೆ.

ಇಷ್ಟು ಇವತ್ತಿಗೆ. ನಿಮ್ಮ ಮನೆಯವರು ಯಾರಾದರೂ ಅಮೆರಿಕದಲ್ಲಿದ್ದರೆ, ಅವರ ಊರಿನ 1930ರ ದಶಕದ ನಕ್ಷೆ ಇಂಟರ್ನೆಟ್ಟಿನಲ್ಲಿ ಸಿಗುತ್ತಾ ಅಂತ ಹುಡುಕೋಕೆ ಹೇಳಿ. ತಮ್ಮ ಬೀದಿ ಯಾವ ಬಣ್ಣದಲ್ಲಿತ್ತು, ಪಕ್ಕದ ಬೀದಿ ಯಾವ ಬಣ್ಣದಲ್ಲಿತ್ತು ಅಂತ ನೋಡಲಿ. ಮುಂದಿನ ವಾರ ಸಿಗೋಣ.