ಮಾನ್ಯಖೇಟದ ವಂಶಾವಳಿಯೂ ಮೂತ್ರಪಿಂಡದ ಆನುವಂಶಿಕ ರೋಗವೂ

೧

ವಂಶಾವಳಿಯನ್ನು ಓದುವುದು ಇತಿಹಾಸಕಾರನ ಕೆಲಸವೆಂಬುದು ಎಲ್ಲರಿಗೂ ವಿದಿತವಾದ ಸಂಗತಿ. ಅದೇ ವಂಶಾವಳಿಯನ್ನು ವೈದ್ಯನೂ ಓದಬೇಕಾಗುತ್ತದೆಂಬುದು ಅಷ್ಟು ಪ್ರಚಾರದಲ್ಲಿಲ್ಲ. ಮೂತ್ರಪಿಂಡದ ರೋಗಗಳಲ್ಲಿ ಕೆಲವು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರತಕ್ಕವು. ಅವುಗಳ ಮೂಲವನ್ನು ಕಂಡುಹಿಡಿಯಲು ರೋಗಿಯೊಬ್ಬನ ದೇಹಪರೀಕ್ಷೆ ಸಾಲದು. ಅವನ ಮನೆತನದ ಚರಿತ್ರೆಯೂ ಬೇಕು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯವರಾದ ನಮಗೆ ಈ ವಿಷಯವು ಎರಡು ಕಾರಣಗಳಿಂದ ಹತ್ತಿರದ್ದಾಗಿದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ದಕ್ಷಿಣ ಭಾರತದ ಬೇರೆ ಕಡೆಗಳಲ್ಲಿರುವಂತೆ ಇಲ್ಲಿಯೂ ಬಹುಕಾಲದಿಂದ ಬಂದಿದೆ. ಇದು ಮೊದಲನೆಯ ಕಾರಣ. ರಕ್ತಸಂಬಂಧವೆಂದರೇನು ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿಯೂ ಶಾಸನದಲ್ಲಿಯೂ ಈ ನೆಲವೇ ಒದಗಿಸಿರುವ ಸಾಮಗ್ರಿ ಎರಡನೆಯದು. ಆ ಸಾಮಗ್ರಿಯಿಂದಲೇ ವಿಚಾರವನ್ನು ಆರಂಭಿಸೋಣ.

೨

ಶಹಾಬಾದಕ್ಕೆ ಸಮೀಪದ ಮರತೂರಿನೊಡನೆ ವಿಜ್ಞಾನೇಶ್ವರನ ಹೆಸರು ಬೆಸೆದುಕೊಂಡಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಭಾರತದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಪ್ರಮಾಣವಾಯಿತು. ಸಪಿಂಡರೆಂದರೆ ಯಾರು? ಪಿತೃಗಳಿಗೆ ಪಿಂಡವಿಡುವ ಅಧಿಕಾರದಿಂದ ಸಂಬಂಧವನ್ನು ನಿರ್ಣಯಿಸುವ ಮಾರ್ಗವನ್ನು ಬಂಗಾಳದ ಜೀಮೂತವಾಹನನು ಹಿಡಿದನು. ವಿಜ್ಞಾನೇಶ್ವರನಾದರೋ ಪಿಂಡವೆಂದರೆ ಶರೀರವೆಂದು ಅರ್ಥಮಾಡಿದನು. ಒಂದೇ ಶರೀರದ ಅವಯವಗಳು ಯಾರಲ್ಲಿ ಅನುವರ್ತಿಸುತ್ತವೆಯೋ ಅವರು ಸಪಿಂಡರು. ಮಗನು ತಂದೆಯ ಮೂಲಕ ತಾತನೊಡನೆ ಹೇಗೋ, ತಾಯಿಯ ಮೂಲಕ ಮಾತಾಮಹನೊಡನೆಯೂ ಸೋದರಮಾವನೊಡನೆಯೂ ಹಾಗೆಯೇ ಶರೀರಸಂಬಂಧವುಳ್ಳವನೆಂಬುದು ಅವನ ಮತ.

ಇಂದಿನ ವಿಜ್ಞಾನವನ್ನು ಅವನು ಮೊದಲೇ ಕಂಡಿದ್ದನೆಂದು ನಾವು ಹೇಳುವುದಿಲ್ಲ; ಅದು ಇತಿಹಾಸದ ನಡೆಯಲ್ಲ. ಸ್ಮೃತಿಯು ತಂದೆಯ ಕಡೆ ಏಳು ತಲೆ, ತಾಯಿಯ ಕಡೆ ಐದು ತಲೆ ಎಂದು ಮಿತಿ ಹಾಕಿದೆ. ಜೀವವಿಜ್ಞಾನದಲ್ಲಿ ಇಂಥ ತಾರತಮ್ಯಕ್ಕೆ ಆಧಾರವಿಲ್ಲ. ಆದರೂ ಸಂಬಂಧವನ್ನು ಶರೀರದಲ್ಲಿಯೇ ಹುಡುಕಬೇಕೆಂಬ ದೃಷ್ಟಿ ಅವನಲ್ಲಿ ಸ್ಪಷ್ಟವಾಗಿದೆ. ಅವನ ಲೆಕ್ಕದಂತೆ ಸೋದರಮಾವನು ಸಪಿಂಡನೇ ಸರಿ. ಆದರೆ ಮಾವನ ಮಗಳನ್ನು ವರಿಸುವುದು ದಾಕ್ಷಿಣಾತ್ಯರ ಆಚಾರವೆಂದು ಬೌಧಾಯನನು ಅದಕ್ಕೆ ಬಹಳ ಹಿಂದೆಯೇ ಗುರುತಿಸಿದ್ದನು. ಶಾಸ್ತ್ರ ಒಂದು ಕಡೆಗೂ ರೂಢಿ ಇನ್ನೊಂದು ಕಡೆಗೂ ನಡೆದು, ರೂಢಿಯೇ ಗೆದ್ದಿತು. ೧೯೫೫ರ ಹಿಂದೂ ವಿವಾಹ ಕಾಯಿದೆಯು ಸಮೀಪದ ಸಂಬಂಧಗಳನ್ನು ನಿಷೇಧಿಸಿದರೂ, ರೂಢಿಯಿದ್ದಲ್ಲಿ ಅವಕಾಶವಿತ್ತಿದೆ.

೩

ಈ ರೂಢಿಯ ರಾಜಮನೆತನದ ನಿದರ್ಶನವೊಂದು ಸೇಡಂ ತಾಲೂಕಿನ ಮಳಖೇಡದಲ್ಲಿ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ದೊರೆಯುತ್ತದೆ. ನಾಲ್ಕನೆಯ ಗೋವಿಂದನ ೯೩೦ರ ಕ್ಯಾಂಬೆ ತಾಮ್ರಶಾಸನವು ಈ ವಿವಾಹಗಳನ್ನು ವಿವರಿಸುತ್ತದೆ. ಎರಡನೆಯ ಕೃಷ್ಣನು ಚೇದಿಯ ಕಲಚುರಿ ದೊರೆ ಕೊಕ್ಕಲ್ಲನ ಮಗಳನ್ನು ವರಿಸಿದನು. ಅವರ ಮಗ ಜಗತ್ತುಂಗನು ಕೊಕ್ಕಲ್ಲನ ಮಗನಾದ ರಣವಿಗ್ರಹನ ಮಗಳು ಲಕ್ಷ್ಮಿಯನ್ನು, ಎಂದರೆ ಸೋದರಮಾವನ ಮಗಳನ್ನು, ಮದುವೆಯಾದನು. ಇವರ ಮಗ ಮೂರನೆಯ ಇಂದ್ರ. ಅವನೂ ಕೊಕ್ಕಲ್ಲನ ಮರಿಮಗಳಾದ ವಿಜಾಂಬೆಯನ್ನೇ ತಂದನು.

ಪ್ರತಿಯೊಬ್ಬನಲ್ಲಿಯೂ ಜೀನ್ ಎಂದು ಕರೆಯಲ್ಪಡುವ ವಂಶವಾಹಿಗಳು ಜೋಡಿಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದು ತಂದೆಯಿಂದ, ಒಂದು ತಾಯಿಯಿಂದ ಬಂದದ್ದು. ಮೂರನೆಯ ಇಂದ್ರನ ಒಂದು ಜೋಡಿಯನ್ನು ತೆಗೆದುಕೊಂಡರೆ, ಅದರ ಎರಡು ಪ್ರತಿಗಳೂ ಕೊಕ್ಕಲ್ಲ ಅಥವಾ ಅವನ ರಾಣಿಯಲ್ಲಿದ್ದ ಒಂದೇ ಪ್ರತಿಯಿಂದ ಇಳಿದುಬಂದಿರುವ ಸಂಭವ ಹದಿನಾರರಲ್ಲಿ ಒಂದು. ಕೃಷ್ಣನ ರಾಣಿಯೂ ರಣವಿಗ್ರಹನೂ ಬೇರೆ ಬೇರೆ ತಾಯಂದಿರ ಮಕ್ಕಳಾಗಿದ್ದರೆ ಅದು ಮೂವತ್ತೆರಡರಲ್ಲಿ ಒಂದಕ್ಕೆ ಇಳಿಯುತ್ತದೆ. ಸೋದರಮಾವನು ಅಕ್ಕನ ಮಗಳನ್ನು ಮದುವೆಯಾದಾಗ ಹುಟ್ಟುವ ಮಗುವಿನಲ್ಲಿ ಈ ಸಂಭವ ಎಂಟರಲ್ಲಿ ಒಂದು.

ಜಗತ್ತುಂಗನು ಪಟ್ಟವೇರುವ ಮೊದಲೇ ತೀರಿಕೊಂಡನು. ಸುಮಾರು ೯೧೪ರಲ್ಲಿ ಅಜ್ಜನ ತರುವಾಯ ಮೊಮ್ಮಗನೇ ಸಿಂಹಾಸನಕ್ಕೆ ಬಂದನು. ಇದರಿಂದ ಆನುವಂಶಿಕ ರೋಗವನ್ನು ಊಹಿಸುವುದು ತಪ್ಪಾದೀತು. ಇಂದ್ರನು ಕನೌಜಿನವರೆಗೆ ದಂಡೆತ್ತಿ ಹೋದ ಬಲಶಾಲಿ. ಸಂಬಂಧವಿವಾಹದಲ್ಲಿ ಹುಟ್ಟಿದವರಲ್ಲಿ ಬಹುಮಂದಿ ಆರೋಗ್ಯವಂತರೇ ಆಗಿರುತ್ತಾರೆಂಬುದನ್ನು ಮರೆಯಲಾಗದು.

೪

ಹಾಗಾದರೆ ಅಪಾಯವೆಲ್ಲಿ? ಆನುವಂಶಿಕ ರೋಗಗಳಲ್ಲಿ ಎರಡು ಮುಖ್ಯ ಬಗೆಗಳುಂಟು. ಕೆಟ್ಟ ವಂಶವಾಹಿ ಒಂದೇ ಪ್ರತಿಯಿದ್ದರೂ ಕಾಣಿಸಿಕೊಳ್ಳುವುದು ಪ್ರಬಲ ರೋಗ. ಮೂತ್ರಪಿಂಡದಲ್ಲಿ ನೀರ್ಗುಳ್ಳೆಗಳು ತುಂಬಿಕೊಳ್ಳುವ, ಪ್ರಾಯದಲ್ಲಿ ತೋರುವ ವ್ಯಾಧಿ ಇಂಥದು. ಅದರ ಒಂದು ವಂಶವಾಹಿಯು ಹದಿನಾರನೆಯ ವರ್ಣತಂತುವಿನಲ್ಲಿದೆಯೆಂದು ೧೯೮೫ರಲ್ಲಿ ತಿಳಿಯಿತು. ೧೯೯೪ರಲ್ಲಿ ಅದನ್ನು ಗುರುತಿಸಲಾಯಿತು. ಇದಕ್ಕೂ ಸಂಬಂಧವಿವಾಹಕ್ಕೂ ನಂಟಿಲ್ಲ. ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವುದು ಅಪ್ರಬಲ ರೋಗ. ಒಂದೇ ಕೆಟ್ಟ ಪ್ರತಿಯುಳ್ಳ ತಂದೆತಾಯಿಗಳು ಆರೋಗ್ಯವಾಗಿಯೇ ಇದ್ದು, ಅವರ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ.

ಇಂಥ ವಂಶವಾಹಿಯ ಐನೂರು ಪ್ರತಿಗಳಲ್ಲಿ ಒಂದು ಕೆಟ್ಟದ್ದೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸಂಬಂಧವಿಲ್ಲದವರ ಮಕ್ಕಳಲ್ಲಿ ರೋಗವು ಎರಡೂವರೆ ಲಕ್ಷಕ್ಕೆ ಒಂದು. ಮಾವನ ಮಗಳನ್ನು ತಂದವರಲ್ಲಿ ಸುಮಾರು ೭,೮೦೦ಕ್ಕೆ ಒಂದು. ಅಕ್ಕನ ಮಗಳನ್ನು ತಂದವರಲ್ಲಿ ಸುಮಾರು ೩,೯೫೦ಕ್ಕೆ ಒಂದು. ರೋಗವು ಆಗಲೂ ವಿರಳವೇ; ಆದರೆ ಮೊದಲಿಗಿಂತ ಮೂವತ್ತು, ಅರವತ್ತು ಪಟ್ಟು ಹೆಚ್ಚು. ರೋಗವು ಮನೆತನದಲ್ಲಿ ಒಮ್ಮೆ ಕಾಣಿಸಿಕೊಂಡಿದ್ದರೆ ಈ ಲೆಕ್ಕವೂ ನಿಲ್ಲದು. ಅಪಾಯ ಬಹಳ ಏರುತ್ತದೆ.

೫

ನಮ್ಮ ಸೀಮೆ ಸುಣ್ಣಕಲ್ಲಿನದು. ಶಹಾಬಾದದ ಹಾಸುಗಲ್ಲು, ವಾಡಿಯ ಸಿಮೆಂಟು ದೇಶಕ್ಕೆಲ್ಲ ಪರಿಚಿತ. ಮೂತ್ರದಲ್ಲಿ ಕಲ್ಲು ಕಂಡರೆ ನೀರಿನ ದೋಷವೆಂದು ಬಿಡುವುದು ಇಂಥ ಕಡೆ ಸುಲಭ. ಗಡಸು ನೀರೇ ಕಲ್ಲಿಗೆ ಕಾರಣವೆಂಬುದು ಸಿದ್ಧವಾದ ಮಾತಲ್ಲ. ಬಿಸಿಲಿನಲ್ಲಿ ದುಡಿದು ಸಾಕಷ್ಟು ನೀರು ಕುಡಿಯದಿರುವುದು ಅದಕ್ಕಿಂತ ಸ್ಪಷ್ಟವಾದ ಕಾರಣ. ಆದರೆ ಎಳೆಯ ಮಗುವಿನಲ್ಲಿ ಮತ್ತೆ ಮತ್ತೆ ಕಲ್ಲು ಕಟ್ಟಿದರೆ ಕಾರಣವನ್ನು ನೀರಿನಲ್ಲಿ ಹುಡುಕಿ ಸುಮ್ಮನಾಗಬಾರದು. ಪ್ರಾಥಮಿಕ ಹೈಪರ್ ಆಕ್ಸಲೂರಿಯ ಎಂಬ ಅಪ್ರಬಲ ರೋಗ ಅಲ್ಲಿರಬಹುದು.

ಈ ರೋಗದ ಗುಟ್ಟನ್ನು ಬಯಲಿಗೆ ತಂದವನು ಇಂಗ್ಲೆಂಡಿನ ವಿಜ್ಞಾನಿ ಕ್ರಿಸ್ಟೊಫರ್ ಡ್ಯಾನ್‌ಪ್ಯೂರ್. ಕೆಡುವುದು ಮೂತ್ರಪಿಂಡ; ಆದರೆ ದೋಷವಿರುವುದು ಯಕೃತ್ತಿನಲ್ಲಿ. ಗ್ಲೈಆಕ್ಸಿಲೇಟ್ ಎಂಬ ವಸ್ತುವನ್ನು ನಿರಪಾಯವಾದ ಗ್ಲೈಸಿನ್ ಆಗಿ ಮಾರ್ಪಡಿಸುವ ಕಿಣ್ವವೊಂದು ಯಕೃತ್ತಿನಲ್ಲಿದೆ. ರೋಗಿಗಳಲ್ಲಿ ಅದರ ಕೊರತೆಯಿರುವುದನ್ನು ಅವನೂ ಅವನ ಸಹೋದ್ಯೋಗಿ ಜೆನ್ನಿಂಗ್ಸ್ ಅವರೂ ೧೯೮೬ರಲ್ಲಿ ತೋರಿಸಿದರು. ಕಿಣ್ವವಿಲ್ಲದೆ ಆ ವಸ್ತು ಆಕ್ಸಲೇಟ್ ಆಗುತ್ತದೆ. ಆಕ್ಸಲೇಟನ್ನು ಒಡೆಯುವ ಶಕ್ತಿ ಮನುಷ್ಯದೇಹಕ್ಕಿಲ್ಲ. ಅದು ಮೂತ್ರಪಿಂಡದ ಮೂಲಕ ಹೊರಬೀಳಬೇಕಾಗಿ, ಅಲ್ಲಿ ಕ್ಯಾಲ್ಸಿಯಮ್ಮಿನೊಡನೆ ಸೇರಿ ಹರಳುಗಟ್ಟುತ್ತದೆ.

ಕೆಲವು ರೋಗಿಗಳಲ್ಲಿ ಮಾತ್ರ ಕಿಣ್ವವು ಇದ್ದೇ ಇತ್ತು. ಆದರೂ ರೋಗ ತಪ್ಪಿರಲಿಲ್ಲ. ಈ ಒಗಟನ್ನು ಡ್ಯಾನ್‌ಪ್ಯೂರನ ತಂಡವು ೧೯೮೯ರಲ್ಲಿ ಬಿಡಿಸಿತು. ಜೀವಕೋಶದಲ್ಲಿ ಪೆರಾಕ್ಸಿಸೋಮ್ ಎಂಬ ಕೋಣೆಗೆ ಹೋಗಬೇಕಾದ ಕಿಣ್ವವು ಅವರಲ್ಲಿ ಮೈಟೊಕಾಂಡ್ರಿಯ ಎಂಬ ಬೇರೊಂದು ಕೋಣೆಗೆ ಸೇರಿಕೊಂಡಿತ್ತು. ಅಂಚೆಯ ಕಾಗದ ಬರೆದದ್ದು ಸರಿ, ವಿಳಾಸ ತಪ್ಪು ಎಂಬಂತೆ. ಮರುವರ್ಷ ಈ ತಪ್ಪಿಗೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನೂ ಆ ತಂಡ ಪ್ರಕಟಿಸಿತು.

ಈ ಜ್ಞಾನದ ಫಲ ಕೇವಲ ಪುಸ್ತಕದ್ದಲ್ಲ. ಕಾರಣವನ್ನರಿಯದೆ ಮೂತ್ರಪಿಂಡವನ್ನಷ್ಟೇ ಬದಲಿಸಿದರೆ, ಯಕೃತ್ತು ಹಿಂದಿನಂತೆಯೇ ಆಕ್ಸಲೇಟನ್ನು ತಯಾರಿಸುತ್ತ ಹೊಸ ಮೂತ್ರಪಿಂಡವನ್ನೂ ಕೆಡಿಸಬಹುದು. ಬಂಧುವೊಬ್ಬರು ಕೊಟ್ಟ ದಾನ ಹೀಗೆ ವ್ಯರ್ಥವಾಗುವುದುಂಟು. ವಂಶವಾಹಿಯ ಕೆಲವು ದೋಷಗಳಲ್ಲಿ, ವಿಶೇಷವಾಗಿ ವಿಳಾಸ ತಪ್ಪುವ ಬಗೆಯಲ್ಲಿ, ಬಿ-೬ ಜೀವಸತ್ತ್ವದ ಅಗ್ಗದ ಮಾತ್ರೆಯೇ ಆಕ್ಸಲೇಟನ್ನು ತಗ್ಗಿಸುತ್ತದೆ. ಆದರೆ ಮೂತ್ರಪಿಂಡ ಕೆಡುವ ಮೊದಲೇ ತಿಳಿದಿರಬೇಕು. ಯಕೃತ್ತಿನಲ್ಲಿ ಆಕ್ಸಲೇಟಿನ ಉತ್ಪತ್ತಿಯನ್ನೇ ತಡೆಯುವ ಲುಮಾಸಿರಾನ್ ಎಂಬ ಔಷಧಕ್ಕೆ ೨೦೨೦ರಲ್ಲಿ ಯೂರೋಪ್, ಅಮೆರಿಕಗಳಲ್ಲಿ ಮನ್ನಣೆ ದೊರೆಯಿತು. ಅದರ ಬೆಲೆಯಾದರೋ ಸಾಮಾನ್ಯ ಕುಟುಂಬಕ್ಕೆ ನಿಲುಕುವಂಥದಲ್ಲ.

೬

ಸಂಬಂಧವಿವಾಹದ ವೈಜ್ಞಾನಿಕ ಅಧ್ಯಯನ ನಮ್ಮ ದೇಶದಲ್ಲಿ ಹೊಸದಲ್ಲ. ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೆ. ಬಿ. ಎಸ್. ಹಾಲ್ಡೇನರು ಇದನ್ನು ಪ್ರೋತ್ಸಾಹಿಸಿದರು. ಅವರ ಶಿಷ್ಯ ದ್ರೋಣಂರಾಜು ಕೃಷ್ಣರಾವ್ ಆಂಧ್ರಪ್ರದೇಶದಲ್ಲಿ ಶೋಧನೆ ನಡೆಸಿದರು. ನೂರಾರು ತಲೆಮಾರುಗಳ ರೂಢಿಯಿಂದ ಕೆಟ್ಟ ವಂಶವಾಹಿಗಳು ತಾವಾಗಿಯೇ ಕಡಿಮೆಯಾಗಿರಬಹುದೆಂದು ೧೯೬೬ರಲ್ಲಿ ಎಲ್. ಡಿ. ಸಂಘ್ವಿ ವಾದಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ರಾಧಾ ರಮಾದೇವಿ ಹಾಗೂ ಎ. ಎಚ್. ಬಿಟಲ್ಸ್ ೧೯೮೦ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳ ಪರೀಕ್ಷೆಯೊಡನೆ ತಂದೆತಾಯಿಗಳ ಸಂಬಂಧವನ್ನೂ ದಾಖಲಿಸಿದರು. ಮದುವೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಂಬಂಧದೊಳಗಿನವೆಂದು ಕಂಡುಬಂದಿತು.

೭

ಇದರಲ್ಲಿ ಇತಿಹಾಸದ ಅಧ್ಯಾಪಕರು ಮಾಡಬಹುದಾದುದೇನು? ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಮನೆಮನೆಗೆ ಬಂದು ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುತ್ತ ಬಂದವರು. ಇದು ಅಮೂಲ್ಯವಾದ ಸಾಮಗ್ರಿ. ಆದರೆ ಅವರ ಪರಂಪರೆ ಮುಖ್ಯವಾಗಿ ಗಂಡುಸಂತತಿಯದು. ರೋಗವು ಹೆಣ್ಣುಮಕ್ಕಳ ಮೂಲಕವೂ ಸಮನಾಗಿ ಇಳಿಯುವುದರಿಂದ, ಕೊಟ್ಟ ಹೆಣ್ಣು, ತಂದ ಹೆಣ್ಣು, ಎಳವೆಯಲ್ಲಿ ಹೋದ ಕೂಸು ಇವರೆಲ್ಲರನ್ನೂ ಬರೆದುಕೊಳ್ಳಬೇಕು. ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಕೇಳಿ ನಾಲ್ಕು ತಲೆಮಾರುಗಳ ಪಟ್ಟಿಯನ್ನು ತಯಾರಿಸಿಟ್ಟುಕೊಂಡರೆ ಅದು ಇತಿಹಾಸದ ಅಭ್ಯಾಸವೂ ಆದೀತು, ಮುಂದೊಂದು ದಿನ ವೈದ್ಯರಿಗೆ ನೆರವೂ ಆದೀತು. ಅದು ಮನೆಯವರ ಸ್ವತ್ತಾಗಿಯೇ ಉಳಿಯಬೇಕೆಂಬುದನ್ನು ಮಾತ್ರ ಮರೆಯಬಾರದು.

ರೂಢಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೊಲಮನೆಗಳು ಕೈಬಿಡದಿರಲಿ, ಮಗಳು ಪರಿಚಯದ ಮನೆಗೆ ಹೋಗಲಿ ಎಂಬ ವಿವೇಕ ಅದರ ಹಿಂದಿದೆ. ಆದರೆ ಮಗು ರೋಗಿಯಾದಾಗ ಸೊಸೆಯ ಕಾಲ್ಗುಣವನ್ನು ದೂರುವುದಕ್ಕೆ ಮೇಲೆ ವಿವರಿಸಿದ ಲೆಕ್ಕದಲ್ಲಿ ಎಲ್ಲಿಯೂ ಎಡೆಯಿಲ್ಲ. ಅಪ್ರಬಲ ರೋಗದಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸರಿಸಮ. ಎಳೆಯ ವಯಸ್ಸಿನಲ್ಲಿ ಕಲ್ಲು ಕಟ್ಟಿದವರು, ಮೂತ್ರಪಿಂಡ ಕೆಟ್ಟು ತೀರಿಕೊಂಡವರು ಮನೆತನದಲ್ಲಿದ್ದರೆ, ಸಂಬಂಧದೊಳಗೆ ಮದುವೆ ನಿಶ್ಚಯಿಸುವ ಮೊದಲು ತಳಿವಿಜ್ಞಾನವನ್ನು ಬಲ್ಲ ವೈದ್ಯರನ್ನು ಕಾಣುವುದು ಒಳಿತು. ಜಾತಕಗಳನ್ನು ಕೂಡಿಸಿ ನೋಡುವ ಮನೆಗಳಲ್ಲಿ ಇದೊಂದು ವಿಚಾರಣೆ ಹೆಚ್ಚಿನ ಹೊರೆಯೆನಿಸದು.