ಬ್ರೇಕಿಲ್ಲದ ಮೋಟಾರು ಸೈಕಲ್ಲಿಗೆ ಎಂತಹ ನೆಲ ಬೇಕು?

ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ನಡೆದಾಡಿದವರಿಗೆ ಕಾಲಡಿಯ ಗರಸು ಪರಿಚಿತವಾದುದೇ. ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟ್ ಶಿಲೆಯ ಪಟ್ಟಿಯು ಪಾವಗಡ, ಮಧುಗಿರಿ, ಕೊರಟಗೆರೆಗಳ ಮೂಲಕ ದಕ್ಷಿಣಕ್ಕೆ ಸಾಗಿದೆ. ಬಿಸಿಲು ಮಳೆಗಳಿಂದ ಸಡಿಲಗೊಂಡು ಉದುರಿದ ಶಿಲೆಯೇ ಈ ಗರಸು. ಮೋಟಾರು ಸೈಕಲ್ ಪಂದ್ಯಕ್ಕೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹತ್ತಿರದ ಸಂಬಂಧವೇ ಉಂಟು.

‘ಸ್ಪೀಡ್‌ವೇ’ ಎಂಬ ಪಂದ್ಯವು 1923ರಲ್ಲಿ ಆಸ್ಟ್ರೇಲಿಯದ ವೆಸ್ಟ್ ಮೇಟ್‌ಲ್ಯಾಂಡಿನಲ್ಲಿ ಪ್ರಸಿದ್ಧಿಗೆ ಬಂದು, 1928ರಲ್ಲಿ ಇಂಗ್ಲೆಂಡಿನ ಹೈ ಬೀಚನ್ನು ತಲುಪಿತು. ಅಂಡಾಕಾರದ ಮಣ್ಣಿನ ಹಾದಿಯಲ್ಲಿ ನಾಲ್ವರು ಸವಾರರು ನಾಲ್ಕು ಸುತ್ತು ಓಡುತ್ತಾರೆ. 500 ಸಿ.ಸಿ.ಯ ಆ ವಾಹನಕ್ಕೆ ಗೇರು ಒಂದೇ. ಬ್ರೇಕು ಇಲ್ಲವೇ ಇಲ್ಲ.

ಹಾಗಾದರೆ ತಿರುವಿನಲ್ಲಿ ಗತಿಯೇನು? 30 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದರೆ, ವಾಹನ ಮತ್ತು ಸವಾರರ ಒಟ್ಟು ತೂಕದ ಸುಮಾರು ಮುಕ್ಕಾಲರಷ್ಟು ಬಲ ಒಳಮುಖವಾಗಿ ದೊರೆಯಬೇಕು. ಸವಾರನು ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಮುಂದಿನ ಚಕ್ರವನ್ನು ತಿರುವಿಗೆ ಎದುರಾಗಿ ಹೊರಳಿಸುತ್ತಾನೆ. ಆಗ ಎಂಜಿನಿನ ನೂಕುಬಲವೂ ಓರೆಯಾಗಿ ಒಳಗೆ ತಳ್ಳುತ್ತದೆ. ಜಾರುವಿಕೆಯೇ ವೇಗವನ್ನು ತಗ್ಗಿಸುತ್ತದೆ. ನೆಲ ಸಮನಾಗಿ ಸಡಿಲವಿದ್ದರೆ ಮಾತ್ರ ಇದು ಸಾಧ್ಯ. ಒಂದೆಡೆ ಗಟ್ಟಿಯಾಗಿದ್ದರೆ ಜಾರುವ ಚಕ್ರ ಥಟ್ಟನೆ ಹಿಡಿದು ಸವಾರನನ್ನು ಎತ್ತಿ ಎಸೆಯುತ್ತದೆ. ಆದಕಾರಣ ಹೊಸ ನಾಡಿನಲ್ಲಿ ಇದರ ಶಾಲೆ ತೆರೆಯುವವರು ಯಂತ್ರವನ್ನು ಹೊರಗಿನಿಂದ ತರಿಸಬಹುದು. ನೆಲವನ್ನು ಅಲ್ಲಿಯೇ ಹದಗೊಳಿಸಬೇಕು.

ಮಣ್ಣಿನ ಮೇಲಿನ ಸವಾರಿಗೆ ಶಾಲೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 2015ರಲ್ಲಿ ಡಾಕರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ಸಿ. ಎಸ್. ಸಂತೋಷ್ ಅವರು ಕೋಲಾರದ ಬಳಿ ‘ಬಿಗ್‌ರಾಕ್’ ತರಬೇತಿ ತಾಣವನ್ನು ಕಟ್ಟಿದರು. ಅದು ಏರುತಗ್ಗುಗಳ ಹಾದಿ. ಸ್ಪೀಡ್‌ವೇಯದು ಸಮತಟ್ಟಾದ ಹಾದಿ. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಅಂತಹ ಹಾದಿಗೆ ಬೇಕಾದ ಗರಸಿದೆ, ಬಯಲಿದೆ. ಶಿರಾದ ಮೇಲೆ ಹಾಯುವ ಬೆಂಗಳೂರು–ಪುಣೆ ಹೆದ್ದಾರಿಯೂ ಇದೆ. ಆ ಹೆದ್ದಾರಿಯ ಮೇಲೆ ವೇಗದ ಚಪಲವನ್ನು ತೀರಿಸಿಕೊಳ್ಳುವ ತರುಣನಿಗೆ ಬೇಲಿಯೊಳಗಿನ ಹಾದಿಯೇ ಕ್ಷೇಮ.

ಕೊರತೆಯಿರುವುದು ನೀರಿಗೆ. ಗರಸು ಧೂಳಾಗದೆ ಹದವಾಗಿ ನಿಲ್ಲಲು ನೀರು ಚಿಮುಕಿಸಲೇಬೇಕು. 300 ಮೀಟರ್ ಉದ್ದ, 10 ಮೀಟರ್ ಅಗಲದ ಹಾದಿಗೆ 3 ಮಿಲಿಮೀಟರಿನಷ್ಟು ನೀರುಣಿಸಿದರೆ 9,000 ಲೀಟರ್ ಬೇಕಾಗುತ್ತದೆ. ತಲೆಗೆ 55 ಲೀಟರಿನ ಲೆಕ್ಕದಲ್ಲಿ ಅದು 163 ಜನರ ಒಂದು ದಿನದ ನೀರು! ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಬಳಲಿದ ಪಾವಗಡದಂತಹ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ 1,000 ಚದರ ಮೀಟರಿನ ಚಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಐದನೆಯ ಒಂದು ಪಾಲು ನಷ್ಟವಾದರೂ 4 ಲಕ್ಷ ಲೀಟರ್ ಉಳಿಯುತ್ತದೆ. ಅಷ್ಟರಿಂದ 44 ದಿನಗಳ ತರಬೇತಿ ನಡೆಯಬಲ್ಲುದು. ಶಾಲೆಯು ಅಷ್ಟೇ ದಿನ ತೆರೆದಿರಲಿ. ಊರಿನ ಕೊಳವೆಬಾವಿಗೆ ಕೈಹಾಕದಿರಲಿ.

ಕಲಿಕೆಯ ಕ್ರಮವೂ ಮುಖ್ಯ. ಮೊದಲು ಸಣ್ಣ ಎಂಜಿನ್, ಹಾದಿಯಲ್ಲಿ ಒಬ್ಬನೇ ಸವಾರ. ನಾಲ್ವರ ಓಟ ಬಹಳ ದಿನಗಳ ಅನಂತರ. ಇಂಧನವಾದ ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಅಪರೂಪ. ಆದಕಾರಣ ಬೆಂಕಿ ಆರಿಸುವ ನೀರು ಸದಾ ಸಿದ್ಧವಿರಬೇಕು.

ಹೀಗೆ ಶಾಲೆ ಕಟ್ಟುವವರು ಮೊದಲು ಮಳೆನೀರಿನ ತೊಟ್ಟಿಯನ್ನು ಕಟ್ಟಲಿ. ಬಳಿಕ ಮೆತ್ತನೆಯ ತಡೆಬೇಲಿಯನ್ನು ಹಾಕಿಸಿ, ವೈದ್ಯರನ್ನು ಗೊತ್ತುಮಾಡಲಿ. ಮೋಟಾರು ಸೈಕಲ್ಲು ಕೊನೆಗೆ ಬಂದರೂ ತಡವಾಗದು.