ಬೀದಿಯವರು ಕೂಡಿ ಮಾಡುವ ಕಾಂಪೋಸ್ಟು ಗೊಬ್ಬರ

ತರಕಾರಿಯ ಸಿಪ್ಪೆ, ಎಂಜಲೆಲೆ, ಮಿಕ್ಕ ಅನ್ನ, ಇವೆಲ್ಲವೂ ಹೊಲದ ಸಾರವನ್ನು ಹೀರಿ ಬೆಳೆದ ಪದಾರ್ಥಗಳು. ಹಳ್ಳಿಯಲ್ಲಿ ಇವು ದನದ ಕಲಗಚ್ಚಿಗೂ ತಿಪ್ಪೆಗೂ ಸೇರಿ ಕಡೆಗೆ ಹೊಲಕ್ಕೇ ಹಿಂದಿರುಗುವುವು. ಪಟ್ಟಣಗಳಲ್ಲಾದರೋ ಗಾಜು ಪ್ಲಾಸ್ಟಿಕ್ಕುಗಳೊಡನೆ ಬೆರೆತು, ಊರಾಚೆಯ ರಾಶಿಯಲ್ಲಿ ಗಾಳಿಯಿಲ್ಲದೆ ಕೊಳೆತು, ಮೀಥೇನ್ ಅನಿಲವನ್ನು ಹೊರಡಿಸುವುವು. ಅಲ್ಲಿಂದ ಬಸಿಯುವ ಕೊಳಕು ನೀರು ಸುತ್ತಣ ಬಾವಿಗಳನ್ನು ಕೆಡಿಸಬಲ್ಲುದು. ಒಂದು ಬೀದಿಯ ಹತ್ತಿಪ್ಪತ್ತು ಮನೆಯವರು ಕೂಡಿದರೆ ತಮ್ಮ ಮಟ್ಟಿಗೆ ಈ ನಷ್ಟವನ್ನು ತಪ್ಪಿಸಬಹುದು.

ಎರಡು ಕ್ರಮಗಳು.— ಆಲ್ಬರ್ಟ್ ಹೋವರ್ಡರೂ ಯಶವಂತ ವಾಡರೂ 1931ರಲ್ಲಿ ಪ್ರಕಟಿಸಿದ ಇಂದೂರು ಕ್ರಮದಲ್ಲಿ ರಾಶಿಯನ್ನು ಆಗಾಗ್ಗೆ ಮಗುಚುವರು. ಸಿ. ಎನ್. ಆಚಾರ್ಯರು 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಬೆಂಗಳೂರು ಕ್ರಮದಲ್ಲಿ ಗುಂಡಿಯನ್ನು ತುಂಬಿ ಮಣ್ಣಿನಿಂದ ಮುಚ್ಚಿಬಿಡುವರು. ಇದರಲ್ಲಿ ಕೂಲಿ ಉಳಿದರೂ ಗೊಬ್ಬರವಾಗಲು ಆರೆಂಟು ತಿಂಗಳು ಹಿಡಿಯುವುದು. ಮನೆಗಳ ನಡುವಣ ಸ್ಥಳಕ್ಕೆ ಗಾಳಿಯಾಡುವ ಇಂದೂರು ಕ್ರಮವೇ ಯೋಗ್ಯವು. ಮೂರು ನಾಲ್ಕು ತಿಂಗಳಲ್ಲಿ ಕೆಲಸ ಮುಗಿಯುವುದು.

ತತ್ವ.— ಕಸವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಗಾಳಿ, ತೇವ, ಇಂಗಾಲ, ಸಾರಜನಕ ಈ ನಾಲ್ಕೂ ಬೇಕು. ಸಾರಜನಕ ಒಂದು ಭಾಗವಿದ್ದರೆ ಇಂಗಾಲವು 25ರಿಂದ 30 ಭಾಗದಷ್ಟಿರತಕ್ಕದ್ದು. ಅಡಿಗೆಮನೆಯ ಕಸದಲ್ಲಿ ನೀರೂ ಸಾರಜನಕವೂ ಹೆಚ್ಚು. ತರಗೆಲೆಯಲ್ಲಿ ಇಂಗಾಲ ಹೆಚ್ಚು. ಆದಕಾರಣ ಒಂದು ಬುಟ್ಟಿ ಕಸಕ್ಕೆ ಎರಡು ಬುಟ್ಟಿ ತರಗೆಲೆಯನ್ನು ಸೇರಿಸತಕ್ಕದ್ದು. ಬರಿಯ ಹಸಿಕಸವನ್ನೇ ತುಂಬಿದರೆ ಗಾಳಿ ಕಟ್ಟಿ ದುರ್ನಾತವೇಳುವುದು; ನೆರೆಯವರು ಬೇಸತ್ತು ಇಡೀ ಏರ್ಪಾಡೇ ನಿಂತುಹೋಗುವುದು.

ವಿಧಾನ.— ಸಂದುಬಿಟ್ಟ ಇಟ್ಟಿಗೆಯಿಂದ ಮೂರಡಿ ಉದ್ದ, ಅಗಲ, ಎತ್ತರಗಳುಳ್ಳ ಎರಡು ಮೂರು ತೊಟ್ಟಿಗಳನ್ನು ಕಟ್ಟಿ, ಮೇಲೆ ಮಳೆ ಬೀಳದಂತೆ ಮಾಡು ಹಾಕಬೇಕು. ತಳದಲ್ಲಿ ಕಡ್ಡಿಗಳನ್ನು ಹರಡಿ, ಮೂರಂಗುಲ ಕಸ, ಅದರ ಮೇಲೆ ತರಗೆಲೆ, ಸ್ವಲ್ಪ ಸೆಗಣಿಯ ನೀರು, ಹೀಗೆ ಪದರಪದರವಾಗಿ ತುಂಬಬೇಕು. ಕಸವು ಎಂದಿಗೂ ಹೊರಗೆ ಕಾಣಬಾರದು. ಹಿಡಿಯಷ್ಟನ್ನು ಹಿಂಡಿದರೆ ಒಂದೆರಡು ತೊಟ್ಟು ನೀರು ಬರುವಷ್ಟು ತೇವವಿದ್ದರೆ ಸಾಕು. ತುಂಬಿದ ತೊಟ್ಟಿಯನ್ನು ವಾರಕ್ಕೊಮ್ಮೆ ಮಗುಚಬೇಕು. ಒಳಗಿನ ಬಿಸಿಯು 55ರಿಂದ 65 ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಕಳೆಯ ಬೀಜಗಳೂ ನೊಣದ ಹುಳುಗಳೂ ಸಾಯುವುವು. ಮಾಂಸ, ಎಣ್ಣೆಯ ಪದಾರ್ಥಗಳು ಇಲಿ ನಾಯಿಗಳನ್ನು ಕರೆಯುವುದರಿಂದ ಅವುಗಳನ್ನು ಹಾಕಕೂಡದು.

ದೋಷ, ಪರಿಹಾರ.— ನಾತ ಬಂದರೆ ತರಗೆಲೆ ಬೆರೆಸಿ ಮಗುಚುವುದು. ಇರುವೆ ಸೇರಿದರೆ ಒಣಗಿದೆಯೆಂದು ತಿಳಿದು ನೀರು ಚಿಮುಕಿಸುವುದು. ಬಿಸಿಯೇರದಿದ್ದರೆ ತೇವವನ್ನು ನೋಡಿ ಹಸಿಕಸವನ್ನು ಹೆಚ್ಚಿಸುವುದು.

ಮುಖ್ಯ ಎಚ್ಚರಿಕೆಗಳು.— ಒಂದು ಮನೆಯವರು ಹಾಕಿದ ಗಾಜಿನ ಚೂರು ಹತ್ತು ಮನೆಯವರ ಗೊಬ್ಬರವನ್ನು ಕೆಡಿಸುವುದು. ಅದು ಕಡೆಗೆ ತಾಕುವುದು ಉಳುವವನ ಕಾಲಿಗೆ. ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಿ ತರುವುದು ಎಲ್ಲಕ್ಕಿಂತ ಮೊದಲನೆಯ ನಿಯಮ. ಸರದಿಯಂತೆ ಒಬ್ಬರು ನಿಂತು ನೋಡಿಕೊಳ್ಳುವುದು ಮೇಲು. ಬೇಸಗೆಗೆ ಮುಂಚೆ ಉದುರುವ ಎಲೆಗಳನ್ನು ಸುಡದೆ ಮಳೆಗಾಲಕ್ಕೆ ಕೂಡಿಡಬೇಕು.

ಬಿಸಿಯಾರಿ, ಕಪ್ಪಾಗಿ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬಂದಾಗ ಗೊಬ್ಬರ ಪಕ್ವವಾಯಿತೆಂದು ತಿಳಿಯಬೇಕು. ಅರೆಕಳಿತ ಗೊಬ್ಬರವು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಪೈರನ್ನು ಹಳದಿಗೊಳಿಸುವುದರಿಂದ ಆತುರಪಡದೆ ಕಾಯುವುದು ಲೇಸು.